ಕೂದಲು ಕಸಿ: ಆ ಒಂದು ದಿನಕ್ಕಿಂತ ಆಮೇಲಿನ ನಾಲ್ಕು ತಿಂಗಳೇ ದೊಡ್ಡವು

ಬರಿಮುಂದಲೆ

ಕೂದಲು ಕಸಿ ಮಾಡಿಸಿಕೊಂಡು ನನಗೆ ಈ ವಾರಕ್ಕೆ 14 ತಿಂಗಳು ತುಂಬಿತು. ಮಾಡಿಸಿಕೊಳ್ಳುವ ಮೊದಲು ನಾನು ನೋಡಿದ್ದೆಲ್ಲ ಜೋಡಿ ಚಿತ್ರಗಳೇ: ಎಡಕ್ಕೆ ಬೋಳು ಹಣೆ, ಬಲಕ್ಕೆ ಬಾಚಿದ ದಟ್ಟ ಕೂದಲು. ಆ ಎರಡು ಚಿತ್ರಗಳ ನಡುವೆ ಇಡೀ ಒಂದು ವರ್ಷ ಅಡಗಿದೆ ಎಂಬುದನ್ನೂ, ಆ ವರ್ಷದ ಮೊದಲ ನಾಲ್ಕು ತಿಂಗಳು ಕಸಿಗೆ ಮೊದಲು ಇದ್ದುದಕ್ಕಿಂತಲೂ ಕಳಪೆಯಾಗಿ ಕಾಣುತ್ತೇವೆ ಎಂಬುದನ್ನೂ ನನಗೆ ಯಾರೂ ಒತ್ತಿ ಹೇಳಿರಲಿಲ್ಲ. ಆದ್ದರಿಂದ ನನಗೆ ಆದದ್ದನ್ನು ಆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ. ಅನುಭವವಿರುವವರು ತಿದ್ದಬಹುದು, ಸೇರಿಸಬಹುದು.

ನನಗೆ ಆಗ 34 ವರ್ಷ. ಹಣೆಯ ಎರಡೂ ಮೂಲೆಗಳು ಒಳಕ್ಕೆ ಸರಿದಿದ್ದವು, ಸುಳಿಯ ಸುತ್ತ ಅಂಗೈಯ ಗುಳಿಯಷ್ಟು ಜಾಗ ತೆಳುವಾಗಿತ್ತು. ವೈದ್ಯರು ಹಿಂದಲೆಯ ಕೂದಲನ್ನು ದೊಡ್ಡದು ಮಾಡಿ ತೋರಿಸುವ ಉಪಕರಣದಲ್ಲಿ ಎಣಿಸಿ ನೋಡಿ, 2400 ಗ್ರಾಫ್ಟ್‌ಗಳನ್ನು ತೆಗೆದು ಮುಂದಲೆಯಲ್ಲಿ ಮಾತ್ರ ಕೂರಿಸುವುದಾಗಿಯೂ ಸುಳಿಯನ್ನು ಈಗ ಮುಟ್ಟುವುದಿಲ್ಲವೆಂದೂ ಹೇಳಿದರು. ಗ್ರಾಫ್ಟ್ ಎಂದರೆ ಒಂದು ಕೂದಲಲ್ಲ. ನಮ್ಮ ತಲೆಯ ಕೂದಲು ಒಂದು, ಎರಡು, ಮೂರು, ಕೆಲವೊಮ್ಮೆ ನಾಲ್ಕು ಎಳೆಗಳ ಸಣ್ಣ ಸಣ್ಣ ಗೊಂಚಲುಗಳಾಗಿ ಬೆಳೆಯುತ್ತದೆ, ಅಂತಹ ಒಂದು ಗೊಂಚಲು ಬುಡಸಹಿತ ಕಿತ್ತು ಬಂದರೆ ಅದೇ ಗ್ರಾಫ್ಟ್. ನನ್ನ 2400 ಗ್ರಾಫ್ಟ್ ಅಂದರೆ ಸುಮಾರು ಐದು ಸಾವಿರ ಎಳೆ. ಕಸಿ ಹೊಸ ಕೂದಲನ್ನು ಹುಟ್ಟಿಸುವುದಿಲ್ಲ, ಇದ್ದ ಕೂದಲನ್ನು ಹಿಂದಿನಿಂದ ಮುಂದಕ್ಕೆ ಸಾಗಿಸುತ್ತದೆ ಅಷ್ಟೆ. ಇಷ್ಟು ಸರಳವಾದ ವಿಷಯ ನನ್ನ ತಲೆಗೆ ಹೋಗಲು ಎರಡು ಭೇಟಿಗಳು ಬೇಕಾದವು.

ಆ ದಿನ ಬೆಳಿಗ್ಗೆ ತಲೆಯನ್ನು ಪೂರ್ತಿ ಬೋಳಿಸಿ, ಪೆನ್ನಿನಲ್ಲಿ ಮುಂದಲೆಯ ಗೆರೆ ಬರೆದು, ಕನ್ನಡಿ ಕೊಟ್ಟು ಒಪ್ಪಿಗೆ ಕೇಳಿದರು. ನಾನು ಒಂದು ಬೆರಳು ಕೆಳಗೆ ಇಳಿಸಿ ಎಂದೆ, ವೈದ್ಯರು ಒಪ್ಪಲಿಲ್ಲ. ಐವತ್ತರ ಮುಖಕ್ಕೆ ಇಪ್ಪತ್ತರ ಹಣೆ ಹೊಂದುವುದಿಲ್ಲ ಎಂದು ಅವರು ಹೇಳಿದ್ದು ಆಗ ಬೇಸರ ತಂದಿತ್ತು, ಈಗ ಅವರಿಗೆ ಋಣಿಯಾಗಿದ್ದೇನೆ.

ನೋವಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಇಡೀ ದಿನದಲ್ಲಿ ನಿಜವಾಗಿ ನೋಯುವುದು ಮರಗಟ್ಟಿಸುವ ಚುಚ್ಚುಮದ್ದುಗಳು ಮಾತ್ರ. ಹಿಂದಲೆಗೊಂದು ಸುತ್ತು, ಹಣೆಗೊಂದು ಸುತ್ತು. ಪ್ರತಿ ಸುತ್ತಿನ ಮೊದಲ ಏಳೆಂಟು ಚುಚ್ಚುಗಳು ಮೆಣಸಿನ ಉರಿಯಂತೆ ಉರಿಯುತ್ತವೆ, ಆಮೇಲೆ ತಲೆ ಯಾರದೋ ಎನಿಸುತ್ತದೆ. ಮೊದಲ ಮೂರು ಗಂಟೆ ಬೋರಲು ಮಲಗಿದ್ದೆ, ಸಣ್ಣ ಮೋಟಾರಿನ ಗುಂಯ್‌ಗುಡುವಿಕೆ ಮಾತ್ರ ಕೇಳಿಸುತ್ತಿತ್ತು. ಮಧ್ಯಾಹ್ನ ಅಂಗಾತ ಮಲಗಿಸಿ ಗ್ರಾಫ್ಟ್ ಕೂರಿಸಲು ಮುಂದಲೆಯಲ್ಲಿ ಸೂಕ್ಷ್ಮ ಸೀಳುಗಳನ್ನು ಮಾಡುವಾಗ ನೋವಿರಲಿಲ್ಲವಾದರೂ ಶಬ್ದವಿತ್ತು: ಒಣಗಿದ ಎಲೆಯನ್ನು ಉಗುರಿನಿಂದ ಚುಚ್ಚಿದಂತಹ ಸಣ್ಣ ಚರ್‌ಚರ್, ಅದೂ ತಲೆಬುರುಡೆಯ ಒಳಗಿನಿಂದ ಕೇಳಿಸಿದಂತೆ. ಆ ಶಬ್ದವನ್ನು ಯಾರಾದರೂ ಮುಂಚೆಯೇ ಹೇಳಿದ್ದರೆ ನಾನು ಅಷ್ಟು ಬೆವರುತ್ತಿರಲಿಲ್ಲ. ನಡುವೆ ಊಟಕ್ಕೆ ಎಬ್ಬಿಸಿದರು, ಎರಡು ಬಾರಿ ಶೌಚಕ್ಕೆ ಬಿಟ್ಟರು. ಒಟ್ಟು ಒಂಬತ್ತು ಗಂಟೆ.

ಮೊದಲ ಐದು ರಾತ್ರಿ ಬೆನ್ನಿಗೆ ದಿಂಬುಗಳನ್ನು ಒಟ್ಟಿ, ಅರ್ಧ ಕುಳಿತಂತೆ, ಮುಖ ಮೇಲಾಗಿ ಮಲಗಬೇಕು. ನನಗೆ ಇಡೀ ಚಿಕಿತ್ಸೆಯಲ್ಲಿ ಅತಿ ಕಷ್ಟವಾದದ್ದು ಇದೇ. ಒಂದು ಕಡೆ ಹಸಿ ಹಿಂದಲೆಯನ್ನು ಒರಗಿಸಬೇಕು, ಇನ್ನೊಂದು ಕಡೆ ಮಗ್ಗುಲು ತಿರುಗಿದರೆ ಮುಂದಲೆ ದಿಂಬಿಗೆ ಉಜ್ಜೀತೆಂಬ ಹೆದರಿಕೆ. ಪ್ರಯಾಣಕ್ಕೆ ಕುತ್ತಿಗೆಗೆ ಹಾಕಿಕೊಳ್ಳುವ ದಿಂಬು ಬಹಳ ನೆರವಾಯಿತು. ಮೂರನೇ ದಿನ ಹಣೆ ಊದಿಕೊಂಡಿತು; ನಾಲ್ಕನೇ ದಿನ ಬೆಳಿಗ್ಗೆ ಊತ ಹುಬ್ಬು ದಾಟಿ ಕಣ್ಣಿಗಿಳಿದು ಎಡಗಣ್ಣು ಅರ್ಧ ಮಾತ್ರ ತೆರೆಯುತ್ತಿತ್ತು. ಕೂರಿಸುವಾಗ ಚರ್ಮದಡಿ ತುಂಬಿದ ದ್ರವ ಭೂಮಿಯ ಸೆಳೆತಕ್ಕೆ ಕೆಳಗಿಳಿಯುವುದು ಇದಕ್ಕೆ ಕಾರಣವಂತೆ. ಆರನೇ ದಿನಕ್ಕೆ ತಾನಾಗಿಯೇ ಹೋಯಿತು.

ಹನ್ನೆರಡನೇ ದಿನಕ್ಕೆ ಹಕ್ಕಳೆಗಳೆಲ್ಲ ಉದುರಿ, ಮುಂದಲೆಯಲ್ಲಿ ಗಡ್ಡದ ಮೋಟಿನಂತೆ ಕೂದಲು ಸಾಲಾಗಿ ನಿಂತಿತ್ತು. ಕನ್ನಡಿಯ ಮುಂದೆ ನಾನು ಕಳೆದ ಅತಿ ಸಂತೋಷದ ವಾರ ಅದು. ಮೂರನೇ ವಾರ ಆ ಮೋಟುಗಳು ಉದುರತೊಡಗಿದವು. ಎರಡು ತಿಂಗಳು ಮುಗಿಯುವ ಹೊತ್ತಿಗೆ ನೂರಕ್ಕೆ ತೊಂಬತ್ತು ಹೋಗಿ, ಅವುಗಳ ಜೊತೆಗೆ ಅಕ್ಕಪಕ್ಕದಲ್ಲಿ ಮೊದಲೇ ಇದ್ದ ತೆಳು ಕೂದಲೂ ಒಂದಿಷ್ಟು ಹೋಗಿ, ಉಳಿದದ್ದು ನಸುಗೆಂಪು ಬಣ್ಣದ ಬರಿ ಚರ್ಮ. ಉದುರುತ್ತದೆ ಎಂದು ವೈದ್ಯರು ಹೇಳಿದ್ದರು. ಕಾಗದದಲ್ಲಿ ಬರೆದೂ ಕೊಟ್ಟಿದ್ದರು. ತಿಳಿದಿರುವುದೇ ಬೇರೆ, ಬೆಳಿಗ್ಗೆ ದಿಂಬಿನ ಮೇಲೆ ನೋಡುವುದೇ ಬೇರೆ.

ನಾಲ್ಕನೇ ತಿಂಗಳ ಕೊನೆಗೆ ಮಗುವಿನ ತಲೆಯಲ್ಲಿರುವಂತಹ ಬಣ್ಣವಿಲ್ಲದ ನವಿರು ಎಳೆಗಳು ಕಂಡವು. ಆರನೇ ತಿಂಗಳಿಗೆ ಪರಿಚಿತರು ಏನೋ ಬದಲಾಗಿದೆ ಎಂದರು, ಏನೆಂದು ಅವರಿಗೆ ತಿಳಿಯಲಿಲ್ಲ. ಎಂಟು, ಒಂಬತ್ತನೇ ತಿಂಗಳಲ್ಲಿ ಬಂದ ಕೂದಲು ಒರಟಾಗಿ, ಸುರುಳಿಯಾಗಿ, ನನ್ನದಲ್ಲವೆಂಬಂತೆ ಇತ್ತು. ವರ್ಷ ಕಳೆದ ಮೇಲೆ ಮೆತ್ತಗಾಗಿ ಉಳಿದುದರೊಂದಿಗೆ ಬೆರೆಯಿತು. ಈಗ ಗಾಳಿಯಲ್ಲಿ ನಿಲ್ಲಲು ಭಯವಿಲ್ಲ. ಒದ್ದೆ ತಲೆಯನ್ನು ನೇರ ಬೆಳಕಿನಲ್ಲಿ ನೋಡಿದರೆ ಇಂದಿಗೂ ಚರ್ಮ ಕಾಣುತ್ತದೆ.

ಇಪ್ಪತ್ತೊಂದುದಿನ_ಬಾಕಿ

ಬರಿಮುಂದಲೆ ಅವರೇ, ಇಷ್ಟು ವಿವರವಾಗಿ ಬರೆದುದಕ್ಕೆ ವಂದನೆಗಳು. ನನಗೆ ಇನ್ನು 21 ದಿನಗಳಲ್ಲಿ ಕಸಿ. ನಿಮ್ಮ ಬರಹ ಓದಿದ ಮೇಲೆ ಚುಚ್ಚುಮದ್ದಿನ ಭಯ ಕಡಿಮೆಯಾಗಿ ದಿಂಬಿನ ಭಯ ಹೆಚ್ಚಾಗಿದೆ. ನನ್ನ ನಿಜವಾದ ಆತಂಕ ಮೊದಲ ಹತ್ತು ದಿನಗಳದ್ದು. ನಿದ್ದೆಯಲ್ಲಿ ಕೈ ತಗುಲಿದರೆ, ಬಾಗಿಲ ಚೌಕಟ್ಟಿಗೆ ತಲೆ ತಾಗಿದರೆ, ಸೀನಿದರೆ ಗ್ರಾಫ್ಟ್ ಹಾರಿ ಹೋಗುತ್ತದೆಯೇ? ತಲೆ ತೊಳೆಯುವಾಗ ಎಷ್ಟು ಒತ್ತಬಹುದು? ಹಾಗೆಯೇ, ನಾನು ದಿನಕ್ಕೆ ಐದಾರು ಸಿಗರೇಟು ಸೇದುತ್ತೇನೆ, ನಿಲ್ಲಿಸಲೇಬೇಕು ಎಂದಿದ್ದಾರೆ. ಅದು ಸುಮ್ಮನೆ ಎಲ್ಲ ವೈದ್ಯರೂ ಹೇಳುವ ಮಾತೋ ಅಥವಾ ಇದಕ್ಕೆ ನಿಜವಾಗಿ ಸಂಬಂಧವಿದೆಯೋ?

ಚಿಮಟ_ಹಿಡಿದವಳು

ನಾನು 9 ವರ್ಷಗಳಿಂದ ಕಸಿ ಕೊಠಡಿಯಲ್ಲಿ ಗ್ರಾಫ್ಟ್ ವಿಂಗಡಿಸುವ ಮತ್ತು ಕೂರಿಸುವ ಕೆಲಸ ಮಾಡುತ್ತಿದ್ದೇನೆ. ವೈದ್ಯೆಯಲ್ಲ, ಆದ್ದರಿಂದ ಔಷಧಿಗಳ ಬಗ್ಗೆ ಹೇಳುವುದಿಲ್ಲ, ಕೈಯಾರೆ ನೋಡಿದ್ದನ್ನು ಹೇಳುತ್ತೇನೆ.

ಮೊದಲು ಸಿಗರೇಟು. ಹಿಂದಲೆಯಿಂದ ಕಿತ್ತ ಗ್ರಾಫ್ಟ್‌ಗೆ ಆ ಕ್ಷಣದಿಂದ ರಕ್ತ ಪೂರೈಕೆ ಇರುವುದಿಲ್ಲ. ನಾವು ಅದನ್ನು ತಣ್ಣನೆಯ ಲವಣದ್ರಾವಣದಲ್ಲಿ ತೇವ ಆರದಂತೆ ಇಟ್ಟು, ಒಂದೆಳೆಯವು ಒಂದು ತಟ್ಟೆಗೆ, ಎರಡೆಳೆಯವು ಇನ್ನೊಂದಕ್ಕೆ ಎಂದು ಹತ್ತು ಹತ್ತರ ಸಾಲುಗಳಲ್ಲಿ ಜೋಡಿಸುತ್ತೇವೆ. ಹೊಸ ಜಾಗದಲ್ಲಿ ಕೂರಿಸಿದ ಮೇಲೂ ಮೊದಲ ಒಂದೆರಡು ದಿನ ಅದು ಸುತ್ತಲಿನ ಅಂಗಾಂಶದಿಂದ ಜಿನುಗುವ ದ್ರವವನ್ನೇ ನಂಬಿ ಬದುಕಬೇಕು. ಅನಂತರವೇ ಸೂಕ್ಷ್ಮ ರಕ್ತನಾಳಗಳು ಅದಕ್ಕೆ ಕೂಡಿಕೊಳ್ಳುತ್ತವೆ. ನಿಕೋಟಿನ್ ಮಾಡುವುದು ಇದೇ ನಾಳಗಳನ್ನು ಸಂಕುಚಿಸುವ ಕೆಲಸ. ವಿಪರೀತ ಸೇದುವವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ, ಅತಿ ದಟ್ಟವಾಗಿ ಕೂರಿಸಿದಾಗ, ಮುಂದಲೆಯ ನಡುವಿನ ಚರ್ಮವೇ ಕಪ್ಪಾಗಿ ಸತ್ತು ಗಾಯವಾಗುವುದು ಅಪರೂಪಕ್ಕಾದರೂ ಉಂಟು. ನಾನು ಒಮ್ಮೆ ನೋಡಿದ್ದೇನೆ. ಎರಡನೇ ಬಾರಿ ನೋಡುವ ಇಚ್ಛೆಯಿಲ್ಲ. ನಿಮಗೆ ಮೂರು ವಾರ ಇದೆ, ಇಂದೇ ಬಿಡಿ, ಕಸಿಯ ನಂತರವೂ ಕನಿಷ್ಠ ಎರಡು ವಾರ ಮುಟ್ಟಬೇಡಿ.

ಇನ್ನು ಗ್ರಾಫ್ಟ್ ಎಷ್ಟು ಗಟ್ಟಿ ಎಂಬುದು. ಬರ್ನ್‌ಸ್ಟೀನ್ ಮತ್ತು ರಾಸ್‌ಮನ್ ಎಂಬ ವೈದ್ಯರು ಇದನ್ನೇ ಎಳೆದು ನೋಡಿ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ್ದಾರೆ. ಮೊದಲ ಐದು ದಿನಗಳಲ್ಲಿ ಅಂಟಿಕೊಂಡ ಹಕ್ಕಳೆಯನ್ನು ಕಿತ್ತರೆ ಗ್ರಾಫ್ಟ್ ಅದರೊಂದಿಗೆ ಬಂದೇ ಬರುತ್ತಿತ್ತು. ಆರನೇ ದಿನಕ್ಕೆ ಬರಿಯ ಕೂದಲನ್ನು ಹಿಡಿದೆಳೆದರೂ ಗ್ರಾಫ್ಟ್ ಬರಲಿಲ್ಲ, ಹಕ್ಕಳೆ ಸಹಿತ ಎಳೆದರೆ ಮಾತ್ರ ಅಪಾಯ ಉಳಿದಿತ್ತು. ಒಂಬತ್ತನೇ ದಿನದ ನಂತರ ಅದೂ ಇರಲಿಲ್ಲ. ಹಕ್ಕಳೆ ದಪ್ಪವಾಗಿ ಕಟ್ಟದಂತೆ ಮೊದಲಿನಿಂದಲೂ ತೊಳೆಯಬೇಕೆನ್ನುವುದು ಇದಕ್ಕಾಗಿಯೇ. ಹೆದರಿ ಒಂದು ವಾರ ತೊಳೆಯದೆ ಬಿಟ್ಟವರ ತಲೆ ಹಂಚಿನಂತೆ ಗಟ್ಟಿಯಾಗಿರುತ್ತದೆ, ಆಗ ಬಿಡಿಸುವುದು ಕಷ್ಟ.

ತೊಳೆಯುವ ಬಗೆ: ನಿಮ್ಮ ವೈದ್ಯರು ಹೇಳಿದ ದಿನದಿಂದ, ಸಾಮಾನ್ಯವಾಗಿ ಎರಡನೇ ಅಥವಾ ಮೂರನೇ ದಿನದಿಂದ, ಶಾಂಪೂವನ್ನು ಬೋಗುಣಿಯ ನೀರಿನಲ್ಲಿ ನೊರೆ ಮಾಡಿ, ಆ ನೊರೆಯನ್ನಷ್ಟೇ ಅಂಗೈಯಿಂದ ಮುಂದಲೆಯ ಮೇಲೆ ಇಟ್ಟು ಹತ್ತು ನಿಮಿಷ ಬಿಟ್ಟು, ಲೋಟದಿಂದ ಉಗುರುಬೆಚ್ಚಗಿನ ನೀರನ್ನು ನಿಧಾನವಾಗಿ ಸುರಿಯಬೇಕು. ಷವರಿನ ರಭಸ ಬೇಡ. ಬೆರಳನ್ನು ಉಜ್ಜುವುದಲ್ಲ, ಒತ್ತಿ ಎತ್ತುವುದು ಮಾತ್ರ. ಎಂಟನೇ ದಿನದ ನಂತರ ಬೆರಳ ತುದಿಯಿಂದ ಸಣ್ಣ ಸುತ್ತು ಹಾಕಬಹುದು, ಉಗುರು ಎಂದಿಗೂ ಬೇಡ.

ಸೀನಿದರೆ ಏನೂ ಆಗುವುದಿಲ್ಲ. ಚೌಕಟ್ಟಿಗೆ ತಾಗಿದರೆ ರಕ್ತ ಬಂದಿದೆಯೇ ನೋಡಿ. ಗ್ರಾಫ್ಟ್ ಕಿತ್ತು ಬಂದರೆ ರಕ್ತ ಬಂದೇ ಬರುತ್ತದೆ. ಬರದಿದ್ದರೆ ಏನೂ ಕಳೆದಿಲ್ಲ. ವಾಹನದೊಳಗೆ ಹತ್ತುವಾಗ ತಲೆ ತಾಗಿಸಿಕೊಂಡು ಬಂದವರನ್ನೇ ನಾನು ಹೆಚ್ಚು ನೋಡಿದ್ದೇನೆ. ತಲೆ ಬೋಳಾದಾಗ ಕೂದಲಿನ ಅಳತೆ ತಪ್ಪುತ್ತದೆಯೋ ಏನೋ. ಟೀ ಶರ್ಟ್ ಬೇಡ, ಗುಂಡಿಯ ಅಂಗಿಗಳನ್ನು ಈಗಲೇ ತೆಗೆದಿಟ್ಟುಕೊಳ್ಳಿ.

ಎರಡನೇಸಲ

ಮೇಲಿನವರೆಲ್ಲರೂ ಒಳ್ಳೆಯ ಕೈಗೆ ಸಿಕ್ಕವರು. ನಾನು ಸಿಗಲಿಲ್ಲ. ಹೆದರಿಸುವ ಉದ್ದೇಶದಿಂದಲ್ಲ, ಯಾವ ಪ್ರಶ್ನೆ ಕೇಳಬೇಕೆಂದು ತಿಳಿಯಲಿ ಎಂದು ಬರೆಯುತ್ತೇನೆ.

ನನಗೆ 23 ವರ್ಷವಿದ್ದಾಗ ಮಾಡಿಸಿದೆ. ಚಿಕಿತ್ಸಾಲಯದ ಹೆಸರು ಬೇಡ. ನನ್ನನ್ನು ಪರೀಕ್ಷಿಸಿದವರು ವೈದ್ಯರಲ್ಲ, ಸಲಹೆಗಾರ ಎಂಬ ಫಲಕ ಹಾಕಿಕೊಂಡ ಮಾರಾಟದವರು. ಒಂದೇ ದಿನದಲ್ಲಿ 4500 ಗ್ರಾಫ್ಟ್ ಎಂದರು. ಸಂಖ್ಯೆ ದೊಡ್ಡದಿದ್ದಷ್ಟು ಒಳ್ಳೆಯದೆಂದು ನಾನೂ ನಂಬಿದೆ. ಆ ದಿನ ವೈದ್ಯರನ್ನು ಹತ್ತು ನಿಮಿಷ ನೋಡಿದೆ, ಉಳಿದ ಹೊತ್ತೆಲ್ಲ ಯಾರು ಸೀಳಿದರು, ಯಾರು ತೆಗೆದರು ಎಂಬುದು ನನಗೆ ಗೊತ್ತಿಲ್ಲ. ಅಡಿಕೋಲು ಇಟ್ಟು ಎಳೆದಂತಹ ನೇರವಾದ, ಬಹಳ ಕೆಳಗಿನ ಮುಂದಲೆ ಗೆರೆ ಬಂತು. ಮೊದಲ ಸಾಲಿನಲ್ಲಿಯೇ ಮೂರು ಎಳೆಗಳ ಗ್ರಾಫ್ಟ್ ಕೂರಿಸಿದ್ದರಿಂದ ಬೊಂಬೆಯ ತಲೆಯಂತೆ ಕುಚ್ಚು ಕುಚ್ಚಾಗಿ ಕಾಣುತ್ತಿತ್ತು. ಎಳೆಗಳು ನೆಟ್ಟಗೆ ನಿಂತಿದ್ದವು. ಸಹಜವಾದ ಮುಂದಲೆಯಲ್ಲಿ ಕೂದಲು ಚರ್ಮಕ್ಕೆ ಬಹಳ ಓರೆಯಾಗಿ, ಮುಂದಕ್ಕೆ ಮಲಗಿದಂತೆ ಬೆಳೆಯುತ್ತದೆ ಎಂಬುದನ್ನು ಆಮೇಲೆ ತಿಳಿದೆ. ಹಿಂದಲೆಯಂತೂ ನುಸಿ ತಿಂದ ಕಂಬಳಿಯಾಗಿತ್ತು.

ಇದಕ್ಕಿಂತ ದೊಡ್ಡ ತಪ್ಪು ಮತ್ತೊಂದು. ನನ್ನ ಕೂದಲು ಉದುರುವುದು ಆಗಿನ್ನೂ ನಡೆಯುತ್ತಲೇ ಇತ್ತು, ಯಾರೂ ಔಷಧಿಯ ಮಾತೆತ್ತಲಿಲ್ಲ. 29ರ ಹೊತ್ತಿಗೆ ಕಸಿ ಮಾಡಿದ ಪಟ್ಟಿ ಮುಂದೆ ಹಾಗೆಯೇ ನಿಂತಿತು, ಅದರ ಹಿಂದಿನ ನನ್ನ ಸ್ವಂತ ಕೂದಲು ಸರಿದು ಹೋಯಿತು. ನಡುಗಡ್ಡೆಯಂತಹ ಆ ಪಟ್ಟಿಯನ್ನು ಬಾಚಿ ಮುಚ್ಚಲು ಸಾಧ್ಯವಿಲ್ಲ, ಬೋಳಿಸಿದರೆ ಹಿಂದಲೆಯಲ್ಲಿ ಗ್ರಾಫ್ಟ್ ತೆಗೆದ ಕಡೆಯ ಬಿಳಿ ಚುಕ್ಕೆಗಳು ಕಾಣುತ್ತವೆ.

ಸರಿಪಡಿಸಿದ ವೈದ್ಯರು ಮುಂದಿನ ಸಾಲಿನ ದಪ್ಪ ಗ್ರಾಫ್ಟ್‌ಗಳನ್ನು ಒಂದೊಂದಾಗಿ ಕೊರೆದು ತೆಗೆದು, ಅವನ್ನೇ ಹಿಂದಿನ ಸಾಲುಗಳಿಗೆ ಬಳಸಿ, ಗೆರೆಯನ್ನು ಮೇಲಕ್ಕೇರಿಸಿ ಅಂಕುಡೊಂಕು ಮಾಡಿದರು. ಹಿಂದಲೆಯಲ್ಲಿ ಉಳಿದದ್ದು ಸಾಲದೆ ಗಡ್ಡದ ಕೂದಲನ್ನು ತೆಗೆದು ನಡುನೆತ್ತಿಗೆ ಹಾಕಿದರು. ಅದು ದಪ್ಪ ಮತ್ತು ಒರಟಾಗಿರುವುದರಿಂದ ಮುಂದಲೆಗೆ ಸಲ್ಲುವುದಿಲ್ಲ. ಎರಡು ಬಾರಿ ಕುಳಿತೆ. ಈಗ ಪರವಾಗಿಲ್ಲ ಎನ್ನುವಷ್ಟಿದೆ.

ಕೇಳಬೇಕಾದವು: ಸೀಳುಗಳನ್ನು ಮಾಡುವವರು ಯಾರು, ತೆಗೆಯುವವರು ಯಾರು, ಆ ದಿನ ವೈದ್ಯರು ಇನ್ನೆಷ್ಟು ಜನರಿಗೆ ಮಾಡುತ್ತಿದ್ದಾರೆ, ಮುಂದೆ ಇನ್ನಷ್ಟು ಉದುರಿದರೆ ಹಿಂದಲೆಯಲ್ಲಿ ಎಷ್ಟು ಉಳಿದಿರುತ್ತದೆ. ಕೊನೆಯ ಪ್ರಶ್ನೆಗೆ ತಡವರಿಸಿದರೆ ಎದ್ದು ಬನ್ನಿ.

ಬರಿಮುಂದಲೆ

ಎರಡನೇಸಲ ಅವರೇ, ನನ್ನ ವೈದ್ಯರು ಸುಳಿಯನ್ನು ಏಕೆ ಮುಟ್ಟಲಿಲ್ಲ ಎಂಬುದು ನಿಮ್ಮ ಬರಹದಿಂದ ನನಗೆ ಪೂರ್ತಿ ಅರ್ಥವಾಯಿತು. ಸುಳಿಯಲ್ಲಿ ಕೂದಲು ಸುತ್ತಲೂ ಹರಡಿಕೊಳ್ಳುವುದರಿಂದ ಎಷ್ಟು ಹಾಕಿದರೂ ಒಂದರ ಮೇಲೊಂದು ಮಲಗುವುದಿಲ್ಲ, ಗ್ರಾಫ್ಟ್‌ಗಳನ್ನು ನುಂಗುತ್ತದೆ. ಬೆಳೆಯುವುದೂ ತಡ, ಒಂದೂವರೆ ವರ್ಷ ಹಿಡಿಯಬಹುದು ಎಂದಿದ್ದರು. ನಾನು ಜಿಪುಣತನ ಎಂದುಕೊಂಡಿದ್ದೆ.

ಬೈತಲೆ

ಇಲ್ಲಿ ಹೆಂಗಸರ ಮಾತು ಬಂದಿಲ್ಲವಾದ್ದರಿಂದ ನನ್ನದನ್ನು ಸೇರಿಸುತ್ತೇನೆ. ನನಗೆ ಮುಂದಲೆ ಹಿಂದೆ ಸರಿಯಲಿಲ್ಲ; ಬೈತಲೆಯ ಗೆರೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಾ ಹೋಯಿತು, ಜಡೆ ಹೆಬ್ಬೆರಳಿನಿಂದ ಕಿರುಬೆರಳಿಗಿಳಿಯಿತು. ಕಸಿ ಮಾಡಿಸಿಕೊಂಡೇ ಬರುವುದೆಂದು ನಿಶ್ಚಯಿಸಿ ಹೋದವಳನ್ನು ವೈದ್ಯರು ರಕ್ತ ಪರೀಕ್ಷೆಗೆ ಕಳುಹಿಸಿದರು. ದೇಹದ ಕಬ್ಬಿಣದ ಸಂಗ್ರಹ ತಳ ಕಂಡಿತ್ತು, ಥೈರಾಯ್ಡ್ ಕೂಡ ಸರಿ ಇರಲಿಲ್ಲ. ಅವೆರಡನ್ನೂ ಸರಿಪಡಿಸಿದ ಮೇಲೆ ಬಾಚಣಿಗೆಯಲ್ಲಿ ಬರುವ ಕೂದಲು ಅರ್ಧಕ್ಕಿಂತ ಕಡಿಮೆಯಾಯಿತು. ಉಳಿದ ತೆಳುವಿಗೆ ಮಿನಾಕ್ಸಿಡಿಲ್ ಎಂಬ ಕೂದಲು ಬೆಳೆಸುವ ಔಷಧಿ ಹಚ್ಚುತ್ತಿದ್ದೇನೆ.

ನನ್ನ ಹಿಂದಲೆಯೂ ತೆಳುವಾಗಿರುವುದರಿಂದ ಅಲ್ಲಿಂದ ತೆಗೆದು ಇಲ್ಲಿ ಹಾಕುವುದರಲ್ಲಿ ಅರ್ಥವಿಲ್ಲ ಎಂದರು. ಅದೇ ಕೊಠಡಿಯ ಹೊರಗೆ ಪರಿಚಯವಾದ ಇನ್ನೊಬ್ಬಾಕೆಗೆ, ಬಾಲ್ಯದಿಂದ ಬಿಗಿಯಾಗಿ ಎಳೆದು ಹೆಣೆಯುತ್ತಿದ್ದುದರಿಂದ ಕಿವಿಯ ಮುಂದಿನ ಕೂದಲು ಹೋಗಿತ್ತು. ಆಕೆಗೆ ಕಸಿ ಮಾಡಿದರು, ಚೆನ್ನಾಗಿ ಬಂದಿದೆ. ಇಬ್ಬರೂ ಕೂದಲು ಹೋಯಿತೆಂದೇ ಬಂದವರು, ಕಾರಣ ಮಾತ್ರ ಬೇರೆ ಬೇರೆ.

ಚರ್ಮವೈದ್ಯೆ

ಬೈತಲೆ ಅವರು ಹೇಳಿದ್ದನ್ನು ಮುಂದುವರಿಸುತ್ತೇನೆ. ಇಲ್ಲಿ ಬರೆದುದನ್ನು ಯಾರೂ ತಮ್ಮ ತಲೆಗೆ ಬರೆದ ಔಷಧಿ ಚೀಟಿಯೆಂದು ತಿಳಿಯಬಾರದು.

ಕಸಿ ಏಕೆ ಫಲಿಸುತ್ತದೆ ಎಂಬುದನ್ನು ತಿಳಿದರೆ ಯಾರಿಗೆ ಫಲಿಸುವುದಿಲ್ಲ ಎಂಬುದೂ ತಿಳಿಯುತ್ತದೆ. ಜಪಾನಿನ ಒಕುಡಾ 1939ರಲ್ಲಿಯೇ ಸಣ್ಣ ಕೊರೆಗತ್ತಿಯಿಂದ ಕೂದಲಿರುವ ಚರ್ಮದ ತುಣುಕುಗಳನ್ನು ಸಾಗಿಸಿದ ಬಗೆಯನ್ನು ಬರೆದಿದ್ದರು. ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಪ್ರಕಟಿಸಿದ್ದು ಇದರ ಹಿಂದಿನ ನಿಯಮವನ್ನು: ಹಿಂದಲೆಯ ಕೂದಲು ಎಲ್ಲಿಗೆ ಹೋದರೂ ಹಿಂದಲೆಯ ಗುಣವನ್ನೇ ಉಳಿಸಿಕೊಳ್ಳುತ್ತದೆ. ಗಂಡಸರ ಸಾಮಾನ್ಯ ಬೋಳಿನಲ್ಲಿ ಡಿಎಚ್‌ಟಿ ಎಂಬ ಹಾರ್ಮೋನು ಮುಂದಲೆ ಮತ್ತು ನೆತ್ತಿಯ ಕೂದಲ ಬುಡಗಳನ್ನು ವರ್ಷಗಟ್ಟಲೆ ಕುಗ್ಗಿಸುತ್ತದೆ. ಹಿಂದಲೆಯ ಬುಡಗಳು ಅದಕ್ಕೆ ಹೆಚ್ಚು ಜಗ್ಗುವುದಿಲ್ಲ. ಆದರೆ ದೇಹದ ರೋಗನಿರೋಧಕ ಶಕ್ತಿಯೇ ಬುಡಗಳ ಮೇಲೆ ತಿರುಗಿಬಿದ್ದು ವೃತ್ತವೃತ್ತವಾಗಿ ಉದುರುತ್ತಿದ್ದರೆ, ಅಥವಾ ಬುಡಗಳನ್ನೇ ಸುಟ್ಟು ಕಲೆಗಟ್ಟಿಸುವ ಕಾಯಿಲೆ ಸಕ್ರಿಯವಾಗಿದ್ದರೆ, ಸಾಗಿಸಿದ ಕೂದಲಿಗೂ ಅದೇ ಗತಿ. ಇಂತಹವರಿಗೆ ಕಸಿ ಮಾಡಿದರೆ ಕಾಯಿಲೆ ಕೆರಳಬಹುದು. ಆದ್ದರಿಂದಲೇ ಮೊದಲ ಭೇಟಿಯಲ್ಲಿ ಗೆರೆ ಬರೆಯುವವರಿಗಿಂತ ನೆತ್ತಿಯನ್ನು ದೊಡ್ಡದು ಮಾಡಿ ನೋಡುವವರನ್ನು ನಂಬಿ.

ಔಷಧಿಯ ಪ್ರಶ್ನೆ ಎರಡನೇಸಲ ಅವರ ಕತೆಯ ತಿರುಳು. ಸಾಗಿಸಿದ ಕೂದಲಿಗೆ ಔಷಧಿ ಬೇಕಿಲ್ಲ, ಅದರ ನೆರೆಯಲ್ಲಿ ಉಳಿದಿರುವ ಸ್ವಂತ ಕೂದಲಿಗೆ ಬೇಕು. ಫಿನಾಸ್ಟರೈಡ್ ದಿನಕ್ಕೆ 1 ಮಿಲಿಗ್ರಾಂ ಮಾತ್ರೆಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಗಂಡಸರ ಬೋಳಿಗಾಗಿ 1997ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಡಿಎಚ್‌ಟಿಯನ್ನು ತಗ್ಗಿಸುತ್ತದೆ. ಕೆಲವರಲ್ಲಿ ಕಾಮಾಸಕ್ತಿ ಕುಗ್ಗುವುದು, ನಿಮಿರುವಿಕೆಯ ತೊಂದರೆ, ಮನಸ್ಸು ಕುಸಿಯುವುದು ಕಂಡುಬರುತ್ತದೆ. ಹಾಗಾದರೆ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಪ್ರಾಸ್ಟೇಟ್‌ಗಾಗಿ ಮಾಡುವ ಪಿಎಸ್‌ಎ ರಕ್ತ ಪರೀಕ್ಷೆಯ ಅಂಕಿಯನ್ನು ಅದು ಸುಮಾರು ಅರ್ಧಕ್ಕಿಳಿಸುವುದರಿಂದ ಆ ಪರೀಕ್ಷೆಗೆ ಹೋದಾಗಲೂ ತಿಳಿಸಬೇಕು. ಗರ್ಭಿಣಿಯರು ಒಡೆದ ಮಾತ್ರೆಯನ್ನು ಮುಟ್ಟಲೂಬಾರದು. ಮಿನಾಕ್ಸಿಡಿಲ್ ಹಚ್ಚಲು ಆರಂಭಿಸಿದ ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಬಹುದು, ಗಾಬರಿಯಿಂದ ನಿಲ್ಲಿಸಬೇಡಿ.

ಇನ್ನು ಇಪ್ಪತ್ತೊಂದುದಿನ_ಬಾಕಿ ಅವರಿಗೆ: ರಕ್ತ ತೆಳುವಾಗಿಸುವ ಯಾವುದೇ ಔಷಧಿ, ಆಸ್ಪಿರಿನ್ ಸಹ, ತೆಗೆದುಕೊಳ್ಳುತ್ತಿದ್ದರೆ ಈಗಲೇ ಹೇಳಿ. ಹೃದಯಕ್ಕಾಗಿ ಕೊಟ್ಟದ್ದನ್ನು ಕೂದಲಿಗಾಗಿ ನೀವೇ ನಿಲ್ಲಿಸಬಾರದು. ಅದನ್ನು ಬರೆದುಕೊಟ್ಟ ವೈದ್ಯರು ನಿರ್ಧರಿಸಬೇಕು. ರಕ್ತದೊತ್ತಡ ಹತೋಟಿಯಲ್ಲಿರಲಿ, ಮದ್ಯವನ್ನು ವಾರದ ಮುಂಚೆಯೇ ಬಿಡಿ.

ಮೂರನೇತಿಂಗಳು

ನಾನು ಈಗ ಸರಿಯಾಗಿ ಬರಿಮುಂದಲೆ ಅವರು ಹೇಳಿದ ಹಳ್ಳದಲ್ಲಿದ್ದೇನೆ. 11ನೇ ವಾರ. ಮುಂದಲೆಯಲ್ಲಿ ಏನೂ ಇಲ್ಲ, ಇದ್ದ ಜಾಗದಲ್ಲಿ ಮೊಡವೆಗಳು ಎದ್ದಿವೆ, ಹಿಂದಲೆಯ ಒಂದು ಭಾಗ ಮುಟ್ಟಿದರೆ ತಿಳಿಯುವುದಿಲ್ಲ. ದಿನಕ್ಕೆ ಮೂರು ಬಾರಿ ಮೊಬೈಲಿನಲ್ಲಿ ಚಿತ್ರ ತೆಗೆದು ಹೋಲಿಸುತ್ತೇನೆ. ಕಸಿ ವಿಫಲವಾಗಿದೆ ಎಂದು ಎಷ್ಟು ದಿನಕ್ಕೆ ಹೇಳಬಹುದು?

ಬರಿಮುಂದಲೆ

ಮೊದಲು ಆ ಚಿತ್ರ ತೆಗೆಯುವುದನ್ನು ತಿಂಗಳಿಗೊಮ್ಮೆಗೆ ಇಳಿಸಿ. ಅದೇ ಕಿಟಕಿ, ಅದೇ ಹೊತ್ತು, ಒಣಗಿದ ತಲೆ. ನಾನು ಸ್ನಾನದ ಮನೆಯ ದೀಪದ ಕೆಳಗೆ ತೆಗೆದು ತೆಗೆದು ನನ್ನನ್ನೇ ಹಿಂಸಿಸಿಕೊಂಡೆ. ಕೂದಲು ತಿಂಗಳಿಗೆ ಬೆಳೆಯುವುದೇ ಸುಮಾರು ಒಂದು ಸೆಂಟಿಮೀಟರ್. ಉದುರಿದ ಬುಡ ಸತ್ತಿಲ್ಲ, ಕಿತ್ತು ನೆಟ್ಟ ಆಘಾತಕ್ಕೆ ವಿಶ್ರಾಂತಿಗೆ ಹೋಗಿದೆ, ಆ ವಿಶ್ರಾಂತಿ ಮೂರು ತಿಂಗಳ ಆಸುಪಾಸು. ಎದ್ದ ಮೇಲೂ ಚರ್ಮದ ಹೊರಗೆ ಕಾಣಲು ಕಾಲ ಬೇಕು. ವರ್ಷ ತುಂಬದೆ ವಿಫಲ ಎನ್ನುವ ಹಾಗಿಲ್ಲ. ಮರಗಟ್ಟಿದ್ದು ನನಗೆ ಐದು ತಿಂಗಳಿಗೆ ಸರಿಹೋಯಿತು, ಸರಿಯಾಗುವಾಗ ಇರುವೆ ಹರಿದಂತೆ ನವೆ ಬರುತ್ತದೆ.

ಚಿಮಟ_ಹಿಡಿದವಳು

ಮೊಡವೆಗಳ ಬಗ್ಗೆ: ಹೊಸ ಎಳೆ ಚರ್ಮವನ್ನು ಭೇದಿಸಿ ಬರುವಾಗ ಎರಡರಿಂದ ನಾಲ್ಕನೇ ತಿಂಗಳ ನಡುವೆ ಹೀಗೆ ಒಂದೊಂದು ಏಳುವುದು ಸಾಮಾನ್ಯ, ಕೆಲವರು ಅದನ್ನೇ ಶುಭಸೂಚನೆ ಎನ್ನುತ್ತಾರೆ. ಹಿಂಡಬೇಡಿ, ಬೆಚ್ಚನೆಯ ಒದ್ದೆ ಬಟ್ಟೆ ಇಡಿ. ಆದರೆ ಮೊಡವೆಗಳು ಹತ್ತಾರು ಒಟ್ಟಿಗೆ ಎದ್ದರೆ, ಕೀವು ಒಸರಿದರೆ, ಸುತ್ತಲಿನ ಚರ್ಮ ಬಿಸಿಯಾಗಿ ಕೆಂಪೇರಿದರೆ, ಜ್ವರ ಬಂದರೆ ಇಲ್ಲಿ ಬರೆಯುತ್ತ ಕೂರದೆ ಅದೇ ದಿನ ವೈದ್ಯರಿಗೆ ತೋರಿಸಿ.

ಕತ್ತರಿಸಾಕು

ನಾನು ಎರಡು ಕಡೆ ಸಲಹೆ ಪಡೆದು ಕೊನೆಗೆ ಮಾಡಿಸಿಕೊಳ್ಳದೆ ಇದ್ದವನು. ನಾನು ನುಣ್ಣಗೆ ಬೋಳಿಸುವುದಕ್ಕೆ ಒಗ್ಗಿ ಹೋಗಿದ್ದೆ, ಕಸಿ ಮಾಡಿಸಿದರೆ ಆ ದಾರಿ ಅರ್ಧ ಮುಚ್ಚುತ್ತದೆ ಎಂದು ಇಬ್ಬರೂ ಪ್ರಾಮಾಣಿಕವಾಗಿ ಹೇಳಿದರು. ಪಟ್ಟಿ ಕತ್ತರಿಸಿ ತೆಗೆಯುವ ಎಫ್‌ಯುಟಿಯಲ್ಲಿ ಹಿಂದಲೆಯಲ್ಲಿ ಅಡ್ಡಗೆರೆ ಉಳಿಯುತ್ತದೆ, ಒಂದೊಂದಾಗಿ ಕೊರೆದು ತೆಗೆಯುವ ಎಫ್‌ಯುಇಯಲ್ಲಿ ಬಿಳಿ ಚುಕ್ಕೆಗಳು. ಕಲೆಯೇ ಇಲ್ಲದ ಕಸಿ ಎಂಬುದು ಜಾಹೀರಾತಿನಲ್ಲಿ ಮಾತ್ರ. ಸ್ವಲ್ಪ ಕೂದಲು ಬಿಟ್ಟರೆ ಎರಡೂ ಮುಚ್ಚಿಹೋಗುತ್ತವೆ ಎಂಬುದೂ ನಿಜ. ಸಫೈರ್, ಪೆನ್ನು, ರೋಬೋಟ್ ಎಂಬ ಹೆಸರುಗಳೆಲ್ಲ ತೆಗೆಯುವ ಅಥವಾ ಕೂರಿಸುವ ಉಪಕರಣದ ಹೆಸರುಗಳೇ ಹೊರತು ಬೇರೆ ಬೇರೆ ಚಿಕಿತ್ಸೆಗಳಲ್ಲ ಎಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಇಪ್ಪತ್ತೊಂದುದಿನ_ಬಾಕಿ

ಹೆಸರು ಬದಲಿಸಿಕೊಳ್ಳಬೇಕಿದೆ, ಬಾಕಿ ತೀರಿತು. ಇಂದು ಕಸಿಯಾಗಿ 11ನೇ ದಿನ. 2100 ಗ್ರಾಫ್ಟ್, ಏಳೂವರೆ ಗಂಟೆ. ಎಲೆ ಚುಚ್ಚಿದ ಶಬ್ದ ಬಂದಾಗ ಬರಿಮುಂದಲೆ ಅವರನ್ನು ನೆನೆದು ನಕ್ಕುಬಿಟ್ಟೆ, ಅಲುಗಾಡಬೇಡಿ ಎಂದು ಬೈಸಿಕೊಂಡೆ. ಸೀಳುಗಳನ್ನು ವೈದ್ಯರೇ ಮಾಡಿದರು, ಕೇಳಿಯೇ ಹೋಗಿದ್ದೆ. ಕಣ್ಣು ಊದಲಿಲ್ಲ, ಹಣೆ ಮಾತ್ರ. ಸಿಗರೇಟು ಮುಟ್ಟಿಲ್ಲ.

ಇಂದು ಬೆಳಿಗ್ಗೆ ನೊರೆ ಹಾಕಿ ತೊಳೆಯುವಾಗ ಒಂದು ಹಕ್ಕಳೆ ಬೆರಳಿಗೆ ಬಂತು, ಅದರಲ್ಲಿ ಎರಡು ಕೂದಲು ಸಿಕ್ಕಿಕೊಂಡಿದ್ದವು, ತುದಿಯಲ್ಲಿ ಸಣ್ಣ ಬಿಳಿ ಗುಬುಟು ಇತ್ತು. ಅದನ್ನು ಬಿಳಿ ಕಾಗದದ ಮೇಲಿಟ್ಟು ಒಂದು ಗಂಟೆಯಿಂದ ನೋಡುತ್ತಿದ್ದೇನೆ. ಎರಡು ಗ್ರಾಫ್ಟ್ ಹೋದವೇ?

ಚಿಮಟ_ಹಿಡಿದವಳು

ಹಕ್ಕಳೆ ಬಂದ ಜಾಗದಲ್ಲಿ ರಕ್ತ ಬಂದಿತೇ?

ಇಪ್ಪತ್ತೊಂದುದಿನ_ಬಾಕಿ

ಇಲ್ಲ. ತಿಳಿಗೆಂಪಾಗಿದೆ, ಒಣಗಿದೆ.

ಚಿಮಟ_ಹಿಡಿದವಳು

ಹಾಗಾದರೆ ಬಂದದ್ದು ಕೂದಲು ಮಾತ್ರ, ಬುಡ ಒಳಗೇ ಇದೆ. ನಿಮ್ಮದು ಎರಡು ಮೂರು ದಿನ ಮುಂಚಿತವಾಗಿ ಉದುರಲು ಆರಂಭಿಸಿದೆ, ಅಷ್ಟೆ. ಗ್ರಾಫ್ಟ್ ಬಂದಿದ್ದರೆ ಗುಬುಟು ಅಷ್ಟೇ ಅಲ್ಲ, ಅದರ ಸುತ್ತ ಹೊಳೆಯುವ ಕೊಬ್ಬಿನ ತೆಳು ಪೊರೆ, ಅಕ್ಕಿಯ ನುಚ್ಚಿನಷ್ಟು ದಪ್ಪಕ್ಕೆ, ಕಾಣುತ್ತಿತ್ತು. ಆ ಕಾಗದವನ್ನು ಎಸೆಯಿರಿ. ಉಳಿದ ಹಕ್ಕಳೆಗಳಿಗೆ ಇಂದು ರಾತ್ರಿ ನೊರೆಯನ್ನು ಹತ್ತರ ಬದಲು ಇಪ್ಪತ್ತು ನಿಮಿಷ ಬಿಟ್ಟು ನೋಡಿ; ನೆನೆದರೆ ತಾವಾಗಿಯೇ ಬಿಡುತ್ತವೆ.